ಓದುಗರ ಪ್ರಶ್ನೆ: ಕಯಾಕ್‌ನಿಂದ ಕಡಲ ಮೀನಿಗೆ ಗಾಳ

ಪ್ರಶ್ನೆ: ಗೊರೂರು ಹಿನ್ನೀರಿನಲ್ಲಿ ಕಾಟ್ಲಾ ಹಿಡಿಯುವ 10 ಅಡಿ ರಾಡ್, ನೈಲಾನ್ ದಾರ ಇವೆ. ಫೆಬ್ರವರಿಯಲ್ಲಿ ಅಂಡಮಾನಿಗೆ ಹೊರಟಿದ್ದೇವೆ. ಕಯಾಕ್ ಎಂಬ ಕಿರುದೋಣಿಯಿಂದ ಜಯಂಟ್ ಟ್ರೆವಲ್ಲಿ ಎಂಬ ದೊಡ್ಡ ಕಡಲ ಮೀನು ಹಿಡಿಯಲು ಇಷ್ಟು ಸಾಕೇ?
– ಓದುಗರು, ಹಾಸನ

ಉತ್ತರ: ಸಾಲದು. ರಾಡ್ ಅಷ್ಟುದ್ದ ಇದ್ದರೆ ಪಕ್ಕಕ್ಕೆ ಬಂದ ಮೀನು ಕೈಗೆಟುಕುವುದಿಲ್ಲ, ಏಳು ಅಡಿಯೊಳಗಿರಲಿ. 6000ರಿಂದ 8000 ಸೈಜಿನ ರೀಲು, 40 ಪೌಂಡಿನ ಹೆಣೆದ ದಾರ 300 ಮೀಟರ್, ತುದಿಗೆ 80 ಪೌಂಡಿನ ಲೀಡರ್, ಅಂದರೆ ಗಾಳದ ಕಡೆಯ ದಪ್ಪ ದಾರ, ಎರಡು ಮೀಟರ್. ದೊಡ್ಡ ಬೋಟಿನವರು ಇದರ ಎರಡು ಪಟ್ಟು ಗಟ್ಟಿ ದಾರ ಹಾಕುತ್ತಾರೆ, ಅದನ್ನು ಕಂಡು ಮರುಳಾಗಬೇಡಿ. ಅವರ ಬೋಟು ಜಗ್ಗುವುದಿಲ್ಲ. ನಿಮ್ಮ ಕಯಾಕ್ ಮೀನು ಎಳೆದತ್ತ ಸಾಗುತ್ತದೆ, ಮೀನು ಸುಸ್ತಾಗುವುದೂ ಅದರಿಂದಲೇ.

40 ಪೌಂಡ್ ಎಂದರೆ ದಾರ ತಡೆಯುವ ಎಳೆತ, ಸುಮಾರು 18 ಕೆ.ಜಿ. ಅದರ ಕಾಲು ಭಾಗಕ್ಕೆ, ಅಂದರೆ ನಾಲ್ಕೂವರೆ ಕೆ.ಜಿ.ಗೆ ಡ್ರ್ಯಾಗ್ (ಎಳೆತ ಮಿತಿ ಮೀರಿದಾಗ ದಾರ ಬಿಡುವ ರೀಲಿನ ಬ್ರೇಕು) ಕೂರಿಸಿ. ಕೈಯಂದಾಜು ಬೇಡ. 10 ಕೆ.ಜಿ.ಯ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ದಾರ ಕಟ್ಟಿ, ರಾಡ್ ಬಾಗಿಸಿ ಎಳೆಯಿರಿ. ಮುಳ್ಳು ನಾಲ್ಕೂವರೆಗೆ ಬಂದಾಗ ರೀಲು ದಾರ ಬಿಡಬೇಕು. ತೋಟದಲ್ಲಿ ಕಾಫಿ ಹಣ್ಣು ತೂಗುವ ದೊಡ್ಡ ತಕ್ಕಡಿಯಲ್ಲಿ ಈ ವ್ಯತ್ಯಾಸ ಸರಿಯಾಗಿ ಕಾಣದು.

ಮೀನು ಕಚ್ಚಿದ ಮೇಲೆ ಕಯಾಕ್ ಮಗುಚುವುದು ಅಡ್ಡ ಎಳೆತಕ್ಕೆ. ರಾಡ್ ತುದಿಯನ್ನು ಕಯಾಕಿನ ಮೂತಿಯ ಕಡೆಗೆ ಒಯ್ದರೆ ಕಯಾಕ್ ತಾನಾಗಿ ಮೀನಿನತ್ತ ತಿರುಗುತ್ತದೆ. ಮೀನು ಕಯಾಕಿನ ಅಡಿಗೆ ನುಗ್ಗಿತೋ, ತುದಿಯನ್ನು ನೀರಿಗಿಳಿಸಿ ಮೂತಿ ಸುತ್ತಿಸಿ ಆಚೆ ಬದಿಗೆ ದಾಟಿಸಿ. ಹಾಗೇ ಬಿಗಿಹಿಡಿದರೆ ರಾಡ್ ಅಂಚಿಗೆ ತಾಗಿ ಮುರಿಯುತ್ತದೆ.

ಲೂರಿನ (ನಕಲಿ ಮೀನಿನ) ಮೂರು ಮುಳ್ಳಿನ ಗಾಳ ಕಳಚಿ ಒಂಟಿ ಗಾಳ ಹಾಕಿ, ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ. ತೊಡೆಯ ಮೇಲೆ ಹೊರಳಾಡುವ ಮೀನಿನ ಬಾಯಲ್ಲಿ ಮೂರು ಮುಳ್ಳು ಇದ್ದರೆ ಒಂದಾದರೂ ನಿಮಗೇ ನಾಟುತ್ತದೆ. ಅಂಜಲ್ ಸಿಗುವ ಕಡೆ ಗಾಳದ ಮುಂದೆ ಒಂದಡಿ ಉಕ್ಕಿನ ತಂತಿ ಬೇಕು, ಅದರ ಹಲ್ಲಿಗೆ ನೈಲಾನ್ ತಡೆಯದು.

ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಮೀನು ಹಿಡಿಯುವಂತಿಲ್ಲ. ಮ್ಯಾಂಗ್ರೋವ್ ತೊರೆಗಳಿಗೆ ಕಯಾಕ್ ನುಗ್ಗಿಸಬೇಡಿ, ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ನೀರಿಗೆ ಬಿದ್ದವರು ಕಾಲು ಬಡಿದು ಹೊಟ್ಟೆ ಮೇಲೆ ಕಯಾಕಿಗೆ ಅಡ್ಡ ಹತ್ತಿ, ಹೊರಳಿ ಕೂರುವುದನ್ನು ಲೈಫ್ ಜಾಕೆಟ್ ತೊಟ್ಟು ಊರಿನಲ್ಲೇ ಕಲಿತು ಹೋಗಿ.

ಪ್ರಶ್ನೆ: ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಕಯಾಕ್‌ನಲ್ಲೇ ಹೋಗಬಹುದೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಬೇಡ. ಸುಮಾರು 19 ಕಿ.ಮೀ. ದೂರ, ಗಂಟೆಗೆ 5 ಕಿ.ಮೀ. ಹುಟ್ಟು ಹಾಕಿದರೂ ಹೋಗಲು ನಾಲ್ಕು ಗಂಟೆ. ಮರಳುವ ಹೊತ್ತಿಗೆ ಕಡಲಗಾಳಿ ಎದ್ದು, ಹಿಂದಿನಿಂದ ಬರುವ ಅಲೆ ಕಯಾಕನ್ನು ಅಡ್ಡ ತಿರುಗಿಸುತ್ತದೆ.

ಪ್ರಶ್ನೆ: ಮಾರ್ಚಿನಲ್ಲಿ ಕಡಲಿಗೆ ಒಯ್ದ ರೀಲು ಆಗಸ್ಟಿನಲ್ಲಿ ತಿರುಗುತ್ತಲೇ ಇಲ್ಲ. ತೊಳೆದೇ ಇಟ್ಟಿದ್ದೆ.
– ಓದುಗರು, ಮೂಡಿಗೆರೆ

ಉತ್ತರ: ಪೈಪಿನ ನೀರನ್ನು ರಭಸವಾಗಿ ಬಿಟ್ಟಿರಬೇಕು, ಉಪ್ಪು ಒಳಗೆ ಹೋಗಿದೆ. ಉಪ್ಪು ಗಾಳಿಯ ತೇವ ಹೀರುತ್ತದೆ; ನಿಮ್ಮೂರಿನ ಜುಲೈ ಮಳೆಗೆ ತುಕ್ಕು ಹಿಡಿಯದೆ ಇನ್ನೇನು? ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರು ಮೆಲ್ಲಗೆ ಚಿಮುಕಿಸಿ ತೊಳೆಯಿರಿ. ಹೆಣೆದ ದಾರ ಉಪ್ಪು ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ಸುತ್ತಿದ ಸ್ಪೂಲನ್ನು ಬಿಚ್ಚಿ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಒಣಗಿದ ಮೇಲೆ ಲೈನ್ ರೋಲರಿಗೆ (ದಾರ ಹಾಯುವ ಪುಟ್ಟ ಉರುಳೆಗೆ) ಒಂದು ಹನಿ ಎಣ್ಣೆ ಬಿಟ್ಟು, ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಡಿ. ಬಿಗಿಯಾಗೇ ಇಟ್ಟರೆ ವಾಷರ್‌ಗಳು ಒತ್ತಿ ಅಂಟಿಕೊಳ್ಳುತ್ತವೆ. ಈಗ ಸಿಕ್ಕಿಹಾಕಿಕೊಂಡಿರುವುದನ್ನು ಬಲವಂತವಾಗಿ ತಿರುಗಿಸಬೇಡಿ, ಗೇರಿನ ಹಲ್ಲು ಮುರಿದೀತು. ಬಿಚ್ಚಿಸಿ ಬೇರಿಂಗ್ ಬದಲಿಸಿ.