ಆ 180 ರೂಪಾಯಿ ಎಲ್ಲಿ ಹೋಯಿತು?

ಓದುಗರ ಪತ್ರ:

"ಮಾನ್ಯ ಸಂಪಾದಕರೆ, ತಿಪಟೂರಿನಲ್ಲಿ ನನ್ನದು ಕೊಬ್ಬರಿ ವ್ಯಾಪಾರ. ಮಗಳು ಪಿಯುಸಿ ಸೈನ್ಸ್‌ನಲ್ಲಿ ಶೇ. 93 ತೆಗೆದಿದ್ದಾಳೆ. ಈಗ ನೋಡಿದರೆ ಬಿ.ಕಾಂ. ಸೇರುತ್ತೇನೆ, ಅಕೌಂಟೆನ್ಸಿ ಓದುತ್ತೇನೆ ಅಂತ ಹಟ ಹಿಡಿದು ಕೂತಿದ್ದಾಳೆ. ಇಷ್ಟು ಮಾರ್ಕ್ಸ್ ಇಟ್ಟುಕೊಂಡು ಯಾರಾದರೂ ಕಾಮರ್ಸ್‌ಗೆ ಹೋಗುತ್ತಾರಾ ಅಂತ ನೆಂಟರೆಲ್ಲ ಕೇಳುತ್ತಿದ್ದಾರೆ. ಲೆಕ್ಕ ಬರೆಯುವುದಕ್ಕೆ ಟ್ಯಾಲಿ ಇದೆ, ಈಗ ಎಐ ಕೂಡ ಬಂದಿದೆ. ಎರಡು ತಿಂಗಳ ಕೋರ್ಸ್‌ನಲ್ಲಿ ಕಲಿಯುವುದಕ್ಕೆ ಮೂರು ವರ್ಷ ಕಾಲೇಜು ಯಾಕೆ? ನೀವು ನಾಲ್ಕು ಮಾತು ಬರೆದರೆ ಅವಳು ಕೇಳಿಯಾಳು. ವಿ.ಸೂ.: ಜೂನ್‌ನಲ್ಲೇ ಚಂದಾ ಹಣ ಕಳಿಸಿದ್ದೇನೆ. ಎರಡು ಸಂಚಿಕೆ ಬಂದಿಲ್ಲ. ನಿಮ್ಮಲ್ಲಿ ಲೆಕ್ಕ ಇಡುವವರು ಯಾರೂ ಇಲ್ಲವೇ?"
(ಹೆಸರು ಬೇಡ ಎಂದಿದ್ದಾರೆ), ತಿಪಟೂರು

ಸಂಪಾದಕರ ಉತ್ತರ:

ವಿ.ಸೂ.ಗೆ ಆಮೇಲೆ ಬರುತ್ತೇನೆ. ನಾಲ್ಕು ಮಾತು ಬರೆಯಿರಿ ಎಂದಿದ್ದೀರಿ, ಬರೆಯುತ್ತೇನೆ. ಆದರೆ ನಿಮಗೆ ಬೇಕಾದ ನಾಲ್ಕು ಮಾತು ನನ್ನ ಹತ್ತಿರ ಇಲ್ಲ. ತಪ್ಪು ಆಸಾಮಿಗೆ ಪತ್ರ ಹಾಕಿದ್ದೀರಿ ಮಾರಾಯ್ರೆ. ನಾನೂ ಬಿ.ಕಾಂ.ನವನೇ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತ ಅಲ್ಲ. ಕೂಡುವುದು, ಖಾತೆಗೆ ಏರಿಸುವುದು, ಪಟ್ಟಿ ತೆಗೆಯುವುದು, ಇದನ್ನೆಲ್ಲ ಯಂತ್ರ ಮಾಡುತ್ತದೆ. ನಮಗಿಂತ ಚೆನ್ನಾಗಿಯೇ ಮಾಡುತ್ತದೆ. ಎಂಜಿನಿಯರಿಂಗ್ ಒಳ್ಳೆಯ ಓದು, ಸಂಬಳವೂ ಸಿಗುತ್ತದೆ. ಟ್ಯಾಲಿ ಕೋರ್ಸ್ ಕೂಡ ಮಾಡಿಸಿ, ಬೇಡ ಅನ್ನುವುದಿಲ್ಲ. ಆಯಿತಲ್ಲ? ಈಗ ನನ್ನ ಕತೆ ಕೇಳಿ.

1983ರ ಬೇಸಿಗೆ. ಸಾಗರದಲ್ಲಿ ಕಾಲೇಜು ಓದುತ್ತಾ ಸಂಜೆ ಹೊತ್ತು ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮುಂದುಗಡೆ ರಾಶಿ, ಬೆಟ್ಟೆ, ಗೊರಬಲು ಅಂತ ಬಗೆಬಗೆಯ ಅಡಿಕೆ ಚೀಲದ ಸಾಲು. ಹಿಂದುಗಡೆ ಇಳಿಜಾರಿನ ಮರದ ಮೇಜು, ಅದರ ಮೇಲೆ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ, ಅಂದರೆ ದಿನದ ವ್ಯವಹಾರ ಬರೆಯುವ ಪುಸ್ತಕ. ಬೆಳೆಗಾರರಿಗೆ ಒಬ್ಬೊಬ್ಬರಿಗೂ ಒಂದೊಂದು ಖಾತೆ. ಮಗಳ ಮದುವೆಗೆ ತಗೊಂಡ ಮುಂಗಡ, ಕೊಟ್ಟ ಮಾಲು, ಹಮಾಲಿ, ದಲ್ಲಾಳಿ, ಎಲ್ಲ ಅದರಲ್ಲಿ. ದಿನದ ಕೊನೆಗೆ ಅಖೈರು ಶಿಲ್ಕು, ಅಂದರೆ ಉಳಿದ ಹಣ ಬರೆಯುವುದು, ತಿಂಗಳ ಕೊನೆಗೆ ಕಿರ್ದಿಗೂ ಖಾತೆಗೂ ತಾಳೆ ನೋಡುವುದು.

ಒಂದು ತಿಂಗಳು 180 ರೂಪಾಯಿ ತಾಳೆಯಾಗಲಿಲ್ಲ. ಮೂರು ಸಂಜೆ ಹುಡುಕಿದೆ. ನಾಲ್ಕನೆಯ ದಿನ ನನ್ನ ಜೇಬಿಂದಲೇ ಹಾಕಿಬಿಡೋಣ ಅಂದುಕೊಂಡೆ. ಹಿರಿಯ ಗುಮಾಸ್ತರು ಎಲೆಯಡಿಕೆ ಜಗಿಯುತ್ತಾ ಕೇಳಿದರು: "ಎಷ್ಟು ವ್ಯತ್ಯಾಸ?" ನೂರ ಎಂಬತ್ತು ಅಂದೆ. "ಅರ್ಧ ಮಾಡು. ತೊಂಬತ್ತು. ತೊಂಬತ್ತರ ಬಾಬ್ತು ಎಲ್ಲಾದರೂ ಇದೆಯಾ? ಇದ್ದರೆ ಜಮೆಗೆ ಹೋಗಬೇಕಾದ್ದು ಖರ್ಚಿಗೆ ಹೋಗಿರುತ್ತದೆ. ಎರಡು ಪಟ್ಟು ವ್ಯತ್ಯಾಸ ಬರುತ್ತದೆ." ಇರಲಿಲ್ಲ. "ಹಾಗಾದರೆ ಒಂಬತ್ತರಿಂದ ಭಾಗಿಸು." ಇಪ್ಪತ್ತು ಬಂತು. "ಶೇಷ ಉಳಿಯಲಿಲ್ಲ ಅಲ್ವಾ? ಅಂಕಿ ತಿರುವುಮುರುವು ಆಗಿದೆ. ನೂರರ ಮನೆ ಮತ್ತು ಹತ್ತರ ಮನೆ ನೋಡು. ಎರಡಕ್ಕೂ ಎರಡೇ ವ್ಯತ್ಯಾಸ ಇರೋ ಅಂಕಿ ಹುಡುಕು." ಕಾಲು ಗಂಟೆಯಲ್ಲಿ ಸಿಕ್ಕಿತು. ಕಿರ್ದಿಯಲ್ಲಿ 1,530. ಖಾತೆಯಲ್ಲಿ ನಾನು ಬರೆದದ್ದು 1,350. ಐದು ಮತ್ತು ಮೂರು ಜಾಗ ಬದಲಿಸಿಕೊಂಡಿದ್ದವು.

ಆ ಗುಮಾಸ್ತರು ಓದಿದ್ದು ನಾಲ್ಕನೇ ಕ್ಲಾಸು. ಈ ಉಪಾಯದ ಹಿಂದೆ ಇರುವ ಗಣಿತ ನನಗೆ ತಿಳಿದದ್ದು ಕಾಲೇಜಿನಲ್ಲಿ. ಎರಡೂ ಬೇಕು ಅಂತ ಆಗಲೇ ಅನಿಸಿತ್ತು. ಆದರೆ ಮೊದಲು ಬೇಕಾದದ್ದು ಮಂಡಿಯದ್ದು.

ಟ್ಯಾಲಿಯಲ್ಲಿ ಈ ತಪ್ಪು ಆಗುವುದಿಲ್ಲ ಅಂತ ನೀವು ಹೇಳುತ್ತೀರಿ. ಖರೆ. ಒಂದೇ ಸಲ ಹೊಡೆದರೆ ಎರಡೂ ಕಡೆ ತಾನೇ ಹೋಗುತ್ತದೆ. ಆದರೆ ಹೊಡೆಯುವವನೇ 1,530 ಬದಲು 1,350 ಹೊಡೆದರೆ? ಎರಡೂ ಕಡೆ 1,350 ಹೋಗುತ್ತದೆ. ತಾಳೆಯೂ ಆಗುತ್ತದೆ! ನಮ್ಮ ಕಾಲದಲ್ಲಿ ತಪ್ಪು ತಾನಾಗಿ ಕೂಗುತ್ತಿತ್ತು. ಈಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸುಮ್ನೆ ಕೂತಿರುತ್ತದೆ.

ಅಂದ ಹಾಗೆ ಆ ಟ್ಯಾಲಿ ಹುಟ್ಟಿದ ಕತೆ ಗೊತ್ತಾ? ಅದು ನಮ್ಮ ಬೆಂಗಳೂರಿನದೇ ಕಂಪನಿ, 1986ರದ್ದು. ಶ್ಯಾಮ್ ಸುಂದರ್ ಗೋಯೆಂಕಾ ಅವರು ಗಿರಣಿಗಳಿಗೆ ಕಚ್ಚಾ ಮಾಲು, ಯಂತ್ರದ ಭಾಗ ಒದಗಿಸುತ್ತಿದ್ದ ವ್ಯಾಪಾರಿ. ತಮ್ಮ ಲೆಕ್ಕಕ್ಕೆ ಒಗ್ಗುವ ಪ್ರೋಗ್ರಾಂ ಎಲ್ಲೂ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್‌ಗೆ ನೀನೇ ಬರೆ ಅಂದರು. ನಿಮ್ಮ ಹಾಗೇ ಒಬ್ಬ ವ್ಯಾಪಾರಿ ಅಪ್ಪ ಸ್ವಾಮಿ! ಲೆಕ್ಕದ ಕಷ್ಟ ಗೊತ್ತಿದ್ದವರ ಮನೆಯಲ್ಲೇ ಆ ಯಂತ್ರ ಹುಟ್ಟಿತು.

ಇನ್ನು ನಿಮ್ಮ ಮನೆಯದೇ ಒಂದು ವಿಷಯ. ದುಡ್ಡು ಬಂದಾಗ "ನಿಮ್ಮ ಖಾತೆಗೆ ಕ್ರೆಡಿಟ್ ಆಗಿದೆ" ಅಂತ ಬ್ಯಾಂಕಿನಿಂದ ಮೆಸೇಜ್ ಬರುತ್ತದಲ್ಲ? ನಿಮ್ಮ ಅಂಗಡಿ ಪುಸ್ತಕದಲ್ಲಿ ಅದೇ ದುಡ್ಡು ಬ್ಯಾಂಕ್ ಖಾತೆಯ ಡೆಬಿಟ್ ಬದಿಗೆ ಹೋಗಬೇಕು. ಯಾಕೆ ಉಲ್ಟಾ? ಟ್ಯಾಲಿ ಕೋರ್ಸ್ ಮುಗಿಸಿದ ಹತ್ತು ಜನರನ್ನು ಕೇಳಿ ನೋಡಿ. ಮೆಸೇಜ್ ಬರೆದದ್ದು ಬ್ಯಾಂಕು. ಅದರ ಪುಸ್ತಕದಲ್ಲಿ ಅದು ನಿಮಗೆ ಕೊಡಬೇಕಾದ ಬಾಕಿ, ಅಂದರೆ ಬ್ಯಾಂಕೇ ನಿಮ್ಮ ಸಾಲಗಾರ. ಕಾಲೇಜಿನಲ್ಲಿ ಮೊದಲ ತಿಂಗಳು ಇದನ್ನು ಸರಿಯಾಗಿ ಹೇಳಿಕೊಟ್ಟರೆ ಸಾಕು, ಹುಡುಗಿ ಬ್ಯಾಂಕಿಗೆ ಹೋಗುವ ಧಾಟಿಯೇ ಬದಲಾಗುತ್ತದೆ.

ಇದು ಇವತ್ತಿನ ವಿದ್ಯೆಯಲ್ಲ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜಮೆ-ಖರ್ಚಿನ ಜೋಡಿ ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದವನು ಲೂಕಾ ಪಾಚೋಲಿ. ಸನ್ಯಾಸಿ, ಗಣಿತದ ಮೇಷ್ಟ್ರು, ಲಿಯೊನಾರ್ಡೊ ಡ ವಿಂಚಿಯ ಸ್ನೇಹಿತ. ಅವನು ಕಂಡುಹಿಡಿದದ್ದಲ್ಲ, ಅಲ್ಲಿನ ವ್ಯಾಪಾರಿಗಳು ಮಾಡುತ್ತಿದ್ದುದನ್ನು ಬರೆದಿಟ್ಟ ಅಷ್ಟೇ. ನಮ್ಮಲ್ಲೂ ಏನು ಕಮ್ಮಿ ಇರಲಿಲ್ಲ. ಶಾನುಭೋಗರ ಮನೆಯ ಅಟ್ಟದಲ್ಲಿ ಕಡತ ನೋಡಿದ್ದೀರಾ? ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿ ಪುಸ್ತಕ. ಅದರ ಮೇಲೆ ಬಳಪದಲ್ಲಿ ಊರಿನ ಕಂದಾಯದ ಲೆಕ್ಕ. ಬೇಡವಾದರೆ ಅಳಿಸಿ, ಮತ್ತೆ ಬಳಿದು, ಮತ್ತೆ ಬರೆಯುವುದು. ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಕಾಯ್ದೆಯೊಂದಿಗೆ ಶಾನುಭೋಗಿಕೆ ಹೋಯಿತು. ಅದು ಹೋದದ್ದು ಒಳ್ಳೆಯದೇ, ಆ ಲೆಕ್ಕದಲ್ಲಿ ಬಡವರಿಗೆ ಆದ ಅನ್ಯಾಯ ಒಂದೆರಡಲ್ಲ. ಪದ ಮಾತ್ರ ಉಳಿಯಿತು. ಈಗ ಕಡತ ಅಂದರೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗದೆ ಕೂತಿರುವ ವಸ್ತು.

ಕರಾವಳಿಯ ಕಡೆ ನೋಡಿ. ಮಂಗಳೂರಿನಲ್ಲಿ 1906ರಲ್ಲಿ ಕೆನರಾ ಬ್ಯಾಂಕು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು. 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಎರಡಾಣೆಗೂ ಒಂದು ಸಾಲು ಬರೆಯಬೇಕು. ಆಗ ಒಂದೇ ಆಗಿದ್ದ ಆ ಜಿಲ್ಲೆ ದೇಶಕ್ಕೆ ನಾಲ್ಕು ದೊಡ್ಡ ಬ್ಯಾಂಕು ಕೊಟ್ಟದ್ದು ಸಮುದ್ರದ ಗಾಳಿಯಿಂದಲ್ಲ. ಆ ಸಾಲು ಬರೆಯುವ ತಾಳ್ಮೆ ಇದ್ದ ಹುಡುಗರಿದ್ದರು. ನಾಲ್ಕರಲ್ಲಿ ಈಗ ಹೆಸರು ಉಳಿದದ್ದು ಕೆನರಾ ಒಂದೇ. 2019 ಮತ್ತು 2020ರಲ್ಲಿ ಉಳಿದ ಮೂರೂ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಆ ಬೇಸರದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಇಲ್ಲಿ ಜಾಗ ಸಾಲದು.

ಎಐ ಎಲ್ಲ ನೋಡಿಕೊಳ್ಳುತ್ತದೆ ಅನ್ನುವವರಿಗೆ ನಾನು ಸತ್ಯಂ ನೆನಪಿಸುತ್ತೇನೆ. ಹೈದರಾಬಾದಿನ ಕಂಪನಿ. ಮಾಡುತ್ತಿದ್ದ ವ್ಯಾಪಾರವೇ ಸಾಫ್ಟ್‌ವೇರ್. ಕಂಪ್ಯೂಟರಿಗೆ ಬರವಿತ್ತೇ? 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಅವರೇ ಪತ್ರ ಬರೆದರು. ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ. ಬಿಲ್ಲುಗಳು ಕಂಪ್ಯೂಟರಿನಲ್ಲೇ ತಯಾರಾಗಿದ್ದವು. ಎಲ್ಲವೂ ತಾಳೆಯಾಗಿತ್ತು. ನಮ್ಮ ಗುಮಾಸ್ತರು ಇದ್ದಿದ್ದರೆ ಏನು ಕೇಳುತ್ತಿದ್ದರು ಗೊತ್ತಾ? "ಪಾಸ್‌ಬುಕ್ ತಾ."

ಪಾಸ್‌ಬುಕ್ ಅಂದಾಗ ನೆನಪಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಲೆಕ್ಕ ನೋಡುವವರು ಬೇಕಾಗಿದ್ದರು. ಒಂಬತ್ತು ಜನ ಬಂದರು. ಎಲ್ಲರ ಮುಂದೂ ಒಂದೇ ಹಾಳೆ ಇಟ್ಟೆ. ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಶಿಲ್ಕು 41,350. ಬ್ಯಾಂಕು ಹೇಳುವುದು 48,850. ಯಾಕೆ ಹೀಗೆ ಅಂತ ಹೇಳಿ ಅಂದೆ. ಒಬ್ಬ ಯಾವ ಸಾಫ್ಟ್‌ವೇರ್ ಸರ್ ಅಂದ. ಇನ್ನೊಬ್ಬ 7,500 ರೂಪಾಯಿಯನ್ನು ಸಸ್ಪೆನ್ಸ್ ಅಕೌಂಟಿಗೆ, ಅಂದರೆ ಎಲ್ಲಿಗೆ ಸೇರಬೇಕು ಅಂತ ಗೊತ್ತಾಗದ್ದನ್ನು ಸದ್ಯಕ್ಕೆ ತಳ್ಳಿಡುವ ಖಾತೆಗೆ ಹಾಕಿ ಐದು ನಿಮಿಷದಲ್ಲಿ ಎದ್ದ. ಮೂರು ವರ್ಷದ ಬಿ.ಕಾಂ.ನಲ್ಲಿ ಅವನಿಗೆ ಚೆನ್ನಾಗಿ ಬಂದದ್ದು ಅದೊಂದೇ ಇರಬೇಕು. ಏಳನೆಯವಳು ಹಿರೇಕೆರೂರು ಕಡೆಯ ಹುಡುಗಿ, ಸರ್ಕಾರಿ ಕಾಲೇಜಿನವಳು. ಪೆನ್ನು ಮುಟ್ಟಲಿಲ್ಲ. "ಪಾಸ್‌ಬುಕ್ ಕೊಡ್ತೀರಾ ಸರ್? ಚೆಕ್ ಬುಕ್ಕಿನ ಕೌಂಟರ್‌ಫಾಯಿಲೂ ಬೇಕು" ಅಂದಳು. ಎರಡನ್ನೂ ಪಕ್ಕ ಪಕ್ಕ ಇಟ್ಟು ಬೆರಳಿಟ್ಟು ಓದಿದಳು. "ಪೇಪರ್ ಅಂಗಡಿಯವರು ನೀವು ಕೊಟ್ಟ 7,500ರ ಚೆಕ್ ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಇಬ್ಬರ ಲೆಕ್ಕವೂ ಸರಿ ಇದೆ." ಎಂಟನೆಯವರನ್ನು, ಒಂಬತ್ತನೆಯವರನ್ನು ಕಾಫಿ ಕುಡಿಸಿ ಕಳಿಸಿದೆ.

ಹಾಗಂತ ಕಾಲೇಜುಗಳನ್ನು ನಾನು ತಲೆ ಮೇಲೆ ಹೊತ್ತುಕೊಂಡಿಲ್ಲ. ಗೈಡು, ಇಂಪಾರ್ಟೆಂಟ್ ಕ್ವೆಶ್ಚನ್ಸ್, ಅಷ್ಟರಲ್ಲೇ ಡಿಗ್ರಿ ಮುಗಿಯುತ್ತದೆ. ಮೂರು ವರ್ಷ ಓದಿದರೂ ನಿಜವಾದ ಒಂದು ವೋಚರ್ ಕೈಗೆ ಸಿಗುವುದಿಲ್ಲ. ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ತಮ್ಮ ಸಂಬಳ ಯಾವ ತಿಂಗಳು ಬರುತ್ತದೆ ಅನ್ನುವುದೇ ದೊಡ್ಡ ಸಸ್ಪೆನ್ಸ್ ಅಕೌಂಟು. 2021ರಲ್ಲಿ ಸರ್ಕಾರದವರು ನಾಲ್ಕು ವರ್ಷದ ಆನರ್ಸ್ ಅಂದರು, 2024ರಲ್ಲಿ ಮತ್ತೆ ಮೂರು ವರ್ಷ ಅಂದರು. ನಡುವೆ ಸಿಕ್ಕಿಕೊಂಡ ಮಕ್ಕಳನ್ನು ಯಾರೂ ಕೇಳಲಿಲ್ಲ.

ಅದಕ್ಕೇ ನಿಮ್ಮ ಮಗಳಿಗೆ ಕಾಲೇಜಿನ ಜೊತೆಗೆ ಇನ್ನೊಂದು ಶಾಲೆ ಬೇಕು. ಅದು ನಿಮ್ಮ ಅಂಗಡಿ. ತಿಂಗಳ 20ನೇ ತಾರೀಕು ಹತ್ತಿರ ಬಂದಾಗ ಜಿಎಸ್‌ಟಿ ರಿಟರ್ನ್‌ಗೆ ಅಂತ ಬಿಲ್ಲಿನ ಕಟ್ಟು ಹೊತ್ತುಕೊಂಡು ಓಡುತ್ತೀರಲ್ಲ, ಆ ಕಟ್ಟನ್ನು ಒಂದು ದಿನ ಮುಂಚೆ ಅವಳ ಕೈಗೆ ಕೊಡಿ. ಗೋಣಿಚೀಲ ಮಾರಿದವನು ನಿಮ್ಮ ಬಿಲ್ ತನ್ನ ರಿಟರ್ನ್‌ನಲ್ಲಿ ತೋರಿಸದಿದ್ದರೆ ನೀವು ಕಟ್ಟಿದ ತೆರಿಗೆ ನಿಮಗೆ ಕಳೆತ ಸಿಗುವುದಿಲ್ಲ. ಯಂತ್ರ ಅಲ್ಲಿ ಕೆಂಪು ಗೆರೆ ಎಳೆದು ಸುಮ್ಮನಾಗುತ್ತದೆ. ಅವನಿಗೆ ಫೋನ್ ಮಾಡಿ ಜಗಳ ಆಡಬೇಕಾದವರು ಮನುಷ್ಯರೇ. ಆ ಜಗಳ ಒಂದು ಸಲ ಆಡಲಿ, ಸೆಮಿಸ್ಟರ್‌ನಲ್ಲಿ ಕಲಿಯದ್ದನ್ನು ಕಲಿಯುತ್ತಾಳೆ. ಆಮೇಲೆ ಸಿಎ ಮಾಡುವ ಮನಸ್ಸಿದ್ದರೆ ಬಿ.ಕಾಂ.ನಲ್ಲಿ ಶೇ. 55 ಬಂದರೂ ಫೌಂಡೇಶನ್ ಪರೀಕ್ಷೆ ಬಿಟ್ಟು ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಮೂರು ವರ್ಷ ಇದ್ದ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ತರಬೇತಿ, ಈಗ ಎರಡೇ ವರ್ಷ. ಶೇ. 93ರ ಹುಡುಗಿಗೆ ಇದು ಕಷ್ಟವಾಗಲಿಕ್ಕಿಲ್ಲ. ಸುಲಭ ಅಂತಲೂ ನಾನು ಹೇಳುವುದಿಲ್ಲ, ನಾನೇ ಎರಡು ಸಲ ಡುಮ್ಕಿ ಹೊಡೆದು ಪತ್ರಿಕೆಗೆ ಬಂದವನು.

ನೆಂಟರ ಮಾತಿಗೆ ಮಾತ್ರ ನನಗೆ ಸಿಟ್ಟು ಬಂತು. "ಇಷ್ಟು ಮಾರ್ಕ್ಸ್ ಇಟ್ಟುಕೊಂಡು ಕಾಮರ್ಸಾ?" ಲೆಕ್ಕ ಅಂದರೆ ನಮಗೆ ಅಷ್ಟು ಸದರ. ಬಸವಣ್ಣನವರ ಕತೆ ಎಲ್ಲರಿಗೂ ಗೊತ್ತು. ಬಿಜ್ಜಳನ ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಅಂತ ಚಾಡಿ ಹೇಳಿದರಂತೆ. ಲೆಕ್ಕ ನೋಡಿದರೆ ಒಂದು ಕಾಸೂ ಕಮ್ಮಿ ಇರಲಿಲ್ಲವಂತೆ. ನಾವು ಅದನ್ನು ಪವಾಡ ಅಂತ ಹಾಡಿಕೊಂಡು ಬಂದೆವು. ಆ ಭಂಡಾರಿ ದಿನಾ ಕೂತು ಲೆಕ್ಕ ಬರೆಯುತ್ತಿದ್ದಿರಬಹುದು ಅಂತ ಯಾರಿಗೂ ಹೊಳೆಯಲಿಲ್ಲ!

ಸೆಪ್ಟೆಂಬರ್ ಬಂತೆಂದರೆ ಊರೂರಲ್ಲಿ ಸಹಕಾರ ಸಂಘಗಳ ಸರ್ವ ಸದಸ್ಯರ ಸಭೆ. ನಾನೂ ಒಂದು ಸಂಘದ ಸದಸ್ಯ. ಹೋದ ಸಲ ಹೋಗಿದ್ದೆ. ಬಾಗಿಲಲ್ಲಿ ಸಹಿ, ಒಂದು ಕೈಚೀಲ, ಒಳಗೆ ವಾರ್ಷಿಕ ವರದಿ. ಅಢಾವೆ ಪತ್ರಿಕೆ, ಅಂದರೆ ಸಂಘದ ಆಸ್ತಿ-ಸಾಲದ ಪಟ್ಟಿ, ಕೊನೆಯ ಪುಟಗಳಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಸುಸ್ತಿ ಸಾಲ ಒಂದೇ ವರ್ಷದಲ್ಲಿ ಎರಡು ಪಟ್ಟಾಗಿತ್ತು. ಯಾಕೆ ಅಂತ ನಾನು ಎದ್ದು ಕೇಳಿದೆ. ಹಿಂದಿನ ಸಾಲಿನಿಂದ ಒಬ್ಬರು "ಬೇಗ ಮುಗಿಸ್ರಿ, ಊಟ ಆರ್ತಿದೆ" ಅಂದರು. ಸಭೆ ನಕ್ಕಿತು. ವರದಿ ಸರ್ವಾನುಮತದಿಂದ ಪಾಸಾಯಿತು. ಪಾಯಸ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಇಂಥ ಸಭೆಗಳಲ್ಲಿ ನಕ್ಕವರೇ ಬ್ಯಾಂಕು ಮುಳುಗಿದ ದಿನ ಗೇಟಿನ ಮುಂದೆ ಪಾಸ್‌ಬುಕ್ ಹಿಡಿದು ನಿಲ್ಲುವುದನ್ನು ನಾನು ಕಂಡಿದ್ದೇನೆ. ಬ್ಯಾಂಕು ಮುಳುಗಿದರೆ ಸಿಗುವ ಠೇವಣಿ ವಿಮೆ 2020ರಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದೆ. ಅದಕ್ಕಿಂತ ಜಾಸ್ತಿ ಇಟ್ಟವರು ನಿವೃತ್ತಿಯ ದುಡ್ಡು ಇಟ್ಟ ಮೇಷ್ಟ್ರುಗಳು. ಅವರಲ್ಲಿ ಗಣಿತದ ಮೇಷ್ಟ್ರೂ ಇದ್ದರು.

ಸಿಟ್ಟು ಜಾಸ್ತಿಯಾಯಿತು, ನಿಮ್ಮ ಮೇಲಲ್ಲ. ನಿಮ್ಮ ವಿ.ಸೂ.ಗೆ ಬರುತ್ತೇನೆ. ನಿಮ್ಮ ಹಣ ಜೂನ್ 11ಕ್ಕೇ ಬಂದಿದೆ. ಚಂದಾದಾರರ ಪಟ್ಟಿಯಲ್ಲಿ ನಿಮ್ಮದೇ ಹೆಸರು, ನಿಮ್ಮದೇ ಇನಿಶಿಯಲ್ ಇರುವ ಇನ್ನೊಬ್ಬರು ತುರುವೇಕೆರೆಯಲ್ಲಿದ್ದಾರೆ. ನಮ್ಮ ಕಂಪ್ಯೂಟರ್ ಹೆಸರು ನೋಡಿ ಅವರ ಖಾತೆಗೆ ಜಮೆ ಮಾಡಿಬಿಟ್ಟಿದೆ. ಒಟ್ಟು ಮೊತ್ತ ತಾಳೆಯಾದ ಕಾರಣ ಯಾರಿಗೂ ಅನುಮಾನ ಬಂದಿರಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಹಿರೇಕೆರೂರಿನ ಹುಡುಗಿ ಬ್ಯಾಂಕಿನ ಹಾಳೆ ತೆಗೆದು ಕೂತಳು. ಹತ್ತು ನಿಮಿಷ ಹಿಡಿಯಿತು. ಬಾಕಿ ಎರಡು ಸಂಚಿಕೆ ಸೋಮವಾರದ ಅಂಚೆಗೆ ಹಾಕಿದ್ದೇವೆ. ತುರುವೇಕೆರೆಯವರಿಗೆ ಎರಡು ವರ್ಷದ ಚಂದಾ ಹೇಗೆ ಬಂತು ಅಂತ ಅವರೂ ಕೇಳಿರಲಿಲ್ಲ.