ಗಾಯದಿಂದ ಬೆರಳ ತುದಿಗೆ ಎಷ್ಟು ದಿನ?

ಪ್ರಶ್ನೆ: ಮೇಡಂ, ನಾನು ಟೈಲರ್. ಮೂರು ತಿಂಗಳ ಹಿಂದೆ ಅಂಗಡಿಯ ಗಾಜು ಒಡೆದು ಬಲಗೈ ಮಣಿಕಟ್ಟು ಕೊಯ್ದಿತು. ಅದೇ ದಿನ ಆಪರೇಷನ್ ಮಾಡಿ ನರ ಹೊಲಿದರು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಇನ್ನೂ ಜೋಮು. ಮೊನ್ನೆ ಇಸ್ತ್ರಿಪೆಟ್ಟಿಗೆ ತಾಗಿ ಗುಳ್ಳೆ ಎದ್ದದ್ದೂ ಗೊತ್ತಾಗಲಿಲ್ಲ. ಅಂಗೈ ನಡುವೆ ತಟ್ಟಿದರೆ ಮಾತ್ರ ಬೆರಳಿಗೆ ಕರೆಂಟ್ ಹೊಡೆದ ಹಾಗಾಗುತ್ತದೆ. ಹೊಲಿಗೆ ಬಿಟ್ಟಿದೆಯಾ? ಮನೆಯಲ್ಲಿ ಬಿಸಿ ಎಣ್ಣೆ ಹಾಕಿ ತಿಕ್ಕು ಅನ್ನುತ್ತಾರೆ.
— ಒಬ್ಬ ಓದುಗ, ಸುರತ್ಕಲ್

ಉತ್ತರ: ಹೊಲಿಗೆ ಬಿಟ್ಟಂತೆ ಕಾಣುವುದಿಲ್ಲ. ಆ ಕರೆಂಟೇ ಒಳ್ಳೆ ಸುದ್ದಿ.

ಹರಿದ ಪ್ಯಾಂಟು ಹೊಲಿದರೆ ಅವತ್ತೇ ಹಾಕಿಕೊಳ್ಳಬಹುದು. ನರ ಹಾಗಲ್ಲ. ಸರ್ಜನ್ ಹೊಲಿಯುವುದು ಹೊರಗಿನ ಕವಚವನ್ನು, ಅದೂ ಕೂದಲಿಗಿಂತ ತೆಳುವಾದ ದಾರದಲ್ಲಿ. ಒಳಗಿನ ಎಳೆಗಳು ಮತ್ತೆ ಕೂಡಿಕೊಳ್ಳುವುದಿಲ್ಲ. ಗಾಯದಿಂದ ಬೆರಳಿನ ಕಡೆಗಿದ್ದ ಎಳೆಗಳು ಸತ್ತು ಕರಗುತ್ತವೆ, ಅವುಗಳ ಕೊಳವೆ ಉಳಿಯುತ್ತದೆ. ಮೊಣಕೈ ಕಡೆಯಿಂದ ಹೊಸ ಎಳೆ ಚಿಗುರಿ ಅದರೊಳಗೆ ನುಗ್ಗಬೇಕು. ಎಳೆಗಳನ್ನು ಸುತ್ತಿಕೊಂಡಿರುವ ಶ್ವಾನ್ ಎಂಬ ಜೀವಕೋಶಗಳು ಸಾಲಾಗಿ ನಿಂತು ದಾರಿ ತೋರಿಸುತ್ತವೆ. ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಹೊರಡುವುದಕ್ಕೇ ಮೂರ್ನಾಲ್ಕು ವಾರ ಬೇಕು.

ನಿಮ್ಮ ಕೊರಳಲ್ಲಿ ಟೇಪು ಇದೆಯಲ್ವಾ? ಗಾಯದ ಕಲೆಯಿಂದ ಕರೆಂಟ್ ಹೊಡೆಯುವ ಜಾಗದವರೆಗೆ ಅಳೆಯಿರಿ. ಮೂರು ತಿಂಗಳಲ್ಲಿ ಹೊರಡುವುದಕ್ಕೆ ಹೋದ ಒಂದು ತಿಂಗಳು ಕಳೆದರೆ ಉಳಿಯುವುದು ಸುಮಾರು 60 ದಿನ. 6 ಸೆಂಟಿಮೀಟರ್ ಆಸುಪಾಸು ಇದ್ದರೆ ಲೆಕ್ಕ ಸರಿ. ಹೊಸ ಎಳೆಯ ತುದಿ ಅಲ್ಲಿಗೆ ಬಂದಿದೆ. 1915ರಲ್ಲಿ ಫ್ರಾನ್ಸಿನ ನರವೈದ್ಯ ಟಿನೆಲ್, ಜರ್ಮನಿಯ ಶರೀರಶಾಸ್ತ್ರಜ್ಞ ಹಾಫ್‌ಮನ್ ಇಬ್ಬರೂ ತಟ್ಟಿದರೆ ಕರೆಂಟ್ ಹೊಡೆಯುವ ಈ ಗುರುತನ್ನು ಬೇರೆಬೇರೆಯಾಗಿ ಬರೆದಿಟ್ಟರು. ಆಗ ಅವರ ದೇಶಗಳು ಯುದ್ಧದಲ್ಲಿ ಹೊಡೆದಾಡುತ್ತಿದ್ದವು, ನೋಡಿ! ತಿಂಗಳಿಗೊಮ್ಮೆ ಅಳೆದು ತಾರೀಖು ಹಾಕಿ ಬರೆದಿಡಿ. ಎರಡು ತಿಂಗಳಾದರೂ ಆ ಜಾಗ ಮುಂದೆ ಹೋಗದಿದ್ದರೆ ಪುಸ್ತಕ ಹಿಡಿದು ಸರ್ಜನ್ ಹತ್ತಿರ ಹೋಗಿ.

ಸ್ಪರ್ಶ ಬಂದ ಮೇಲೂ ಒಂದು ಕಿರಿಕಿರಿ ಇದೆ. ಕೆಲವು ಎಳೆಗಳು ಬೇರೆ ಕೊಳವೆಗೆ ಹೊಕ್ಕಿರುತ್ತವೆ. ನಾನು ಉಡುಪಿಯಲ್ಲಿ ಫಿಸಿಯೋಥೆರಪಿ ಮಾಡಿಸುತ್ತಿದ್ದಾಗ ಬೀಡಿ ಕಟ್ಟುವ ಅಕ್ಕ ಒಬ್ಬರು ಬರುತ್ತಿದ್ದರು. ನಡುಬೆರಳು ಮುಟ್ಟಿದರೆ ತೋರುಬೆರಳು ಅನ್ನುತ್ತಿದ್ದರು. "ಬೆರಳುಗಳು ಮನೆ ಬದಲಾಯಿಸಿವೆ ಮೇಡಂ" ಅಂತ ನಗುತ್ತಿದ್ದರು. ಕುಚ್ಚಲಕ್ಕಿ, ಹುರುಳಿ, ಮೆಂತೆ ಮೂರು ಬಟ್ಟಲಲ್ಲಿಟ್ಟು ಕಣ್ಣು ಮುಚ್ಚಿ ಗುರುತಿಸಲು ಹೇಳಿದೆ. ತಪ್ಪಿದರೆ ಕಣ್ಣು ತೆರೆದು ಇನ್ನೊಮ್ಮೆ ಮುಟ್ಟುವುದು. ಮಿದುಳಿಗೆ ಹೊಸ ವಿಳಾಸ ಕಲಿಸಬೇಕಲ್ಲ! ಹುರುಳಿ ಬೇಗ ಸಿಕ್ಕಿತು. ಮೆಂತೆ ಗುರುತಿಸಲು ತಿಂಗಳುಗಟ್ಟಲೆ ಬೇಕಾಯಿತು. ನಿಮ್ಮ ಬೆರಳಿಗೆ ಸ್ವಲ್ಪ ಸ್ಪರ್ಶ ಬಂದ ಮೇಲೆ ಇದನ್ನು ಶುರು ಮಾಡಿ, ಈಗಲೇ ಬೇಡ.

ಎಣ್ಣೆಯಿಂದ ನರ ಬೇಗ ಬೆಳೆಯುವುದಿಲ್ಲ. ಗಾಯ ಪೂರ್ತಿ ಮಾಗಿದ್ದರೆ ಕಲೆ ಮೆದುವಾಗಲು ತಣ್ಣನೆಯ ಎಣ್ಣೆ ಹಚ್ಚಬಹುದು. ಬಿಸಿ ಎಣ್ಣೆ ಮಾತ್ರ ಖಂಡಿತ ಬೇಡ. ಸುಡುವುದು ನಿಮಗೆ ಗೊತ್ತಾಗುವುದಿಲ್ಲ. ಇಸ್ತ್ರಿ ಕೆಲಸವನ್ನೂ ಸದ್ಯಕ್ಕೆ ಬೇರೆಯವರ ಕೈಗೆ ಕೊಡಿ.