ಓಟಕ್ಕೆ ಅಂಕ ಇಲ್ಲ ಅಣ್ಣ

ಚನ್ನಗಿರಿ ಅಣ್ಣ, ನಿಮಗೆ ನಿನ್ನೆಯೇ ಬರೆಯಬೇಕಿತ್ತು. ಅಡಿಕೆ ಫಸಲು ಗುತ್ತಿಗೆ ಹಿಡಿಯುವ ಚೇಣಿಯವರು ಬಂದು ಕೂತಿದ್ದರು, ಆಗಲಿಲ್ಲ. ಮಗ ಸೆಕೆಂಡ್ ಪಿಯುಸಿ, ಪೊಲೀಸ್ ಆಗಬೇಕು ಅಂತ ದಿನಾ ಬೆಳಿಗ್ಗೆ ಹೈವೇಯಲ್ಲಿ 8 ಕಿಲೋಮೀಟರ್ ಓಡುತ್ತಾನೆ, ಮುಂದೆ ಏನು ಮಾಡಿಸಬೇಕು ಅಂತ ನಮ್ಮ ಅಡಿಕೆ ಬೆಳೆಗಾರರ ಗುಂಪಲ್ಲಿ ಕೇಳಿದ್ದೀರಿ. ಅದರ ಕೆಳಗೆ ಒಬ್ಬರು "ಮೊದಲು ದುಡ್ಡು ಹೊಂದಿಸಿಕೊಳ್ಳಿ" ಅಂದಿದ್ದಾರೆ, ಇನ್ನೊಬ್ಬರು "ಅಡಿಕೆ ಗುಂಪಲ್ಲಿ ಇದೆಲ್ಲ ಯಾಕೆ" ಅಂತ. ಇರಲಿ, ತೋಟ ಇರುವವರ ಮನೆಯಲ್ಲೂ ಮಕ್ಕಳಿದ್ದಾರಲ್ವಾ. ನಾನು ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್‌ಐ ಆಗಿ ರಿಟೈರ್ ಆದವನು. ಈಗ ನಮ್ಮ ತಮ್ಮನ ಮಗಳೂ ಇದೇ ತಯಾರಿಯಲ್ಲಿದ್ದಾಳೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಒಂದು ವಿಷಯ. ಆ ಓಟಕ್ಕೆ ಅಂಕ ಇಲ್ಲ. ನಮ್ಮ ಕಡೆ ಹುಡುಗರೆಲ್ಲ ಚೆನ್ನಾಗಿ ಓಡಿದರೆ ಕೆಲಸ ಸಿಕ್ಕ ಹಾಗೆ ಅಂದುಕೊಂಡಿದ್ದಾರೆ. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮೊದಲು ಬರುವುದು ಬರವಣಿಗೆ ಪರೀಕ್ಷೆ. 100 ಪ್ರಶ್ನೆ, 100 ಅಂಕ, ಒಂದೂವರೆ ಗಂಟೆ. ಅದರ ಅಂಕ ನೋಡಿ ಒಂದು ಹುದ್ದೆಗೆ ಐದು ಜನರ ಲೆಕ್ಕದಲ್ಲಿ ಮೈದಾನಕ್ಕೆ ಕರೆಯುತ್ತಾರೆ. ಮೈದಾನದಲ್ಲಿ ಪಾಸಾದರೆ ಸಾಕು, ಅಲ್ಲಿ ಐದು ನಿಮಿಷಕ್ಕೆ ಮುಗಿಸಿದವನಿಗೂ ಆರೂವರೆ ನಿಮಿಷಕ್ಕೆ ಏದುಸಿರು ಬಿಡುತ್ತಾ ಮುಗಿಸಿದವನಿಗೂ ವ್ಯತ್ಯಾಸ ಇಲ್ಲ. ಕೊನೆಗೆ ಪಟ್ಟಿ ಆಗುವುದು ಮತ್ತೆ ಅದೇ ಬರವಣಿಗೆ ಅಂಕದ ಮೇಲೆ. ನಿಮ್ಮ ಹುಡುಗ ದಿನಾ ಎಂಟು ಕಿಲೋಮೀಟರ್ ಓಡಿ ಬಂದು ಸುಸ್ತಾಗಿ ಮಲಗಿದರೆ, ಓಡುವ ಮೈದಾನವನ್ನೇ ನೋಡದೆ ಮನೆಗೆ ಬರುತ್ತಾನೆ. ಎಸ್‌ಐ, ಅಂದರೆ ಸಬ್ ಇನ್ಸ್‌ಪೆಕ್ಟರ್ ನೇಮಕಾತಿ ಬೇರೆ. ಅದಕ್ಕೆ ಡಿಗ್ರಿ ಬೇಕು, ಅಲ್ಲಿ ಮೈದಾನ ಮೊದಲು, ಆಮೇಲೆ ಎರಡು ಪೇಪರ್, ಒಂದರಲ್ಲಿ ಪ್ರಬಂಧ, ಅನುವಾದ ಎಲ್ಲ ಕೈಯಲ್ಲೇ ಬರೆಯಬೇಕು. ಅದನ್ನು ಈಗ ಬಿಡಿ.

ಓದುವುದು ಏನು ಅಂತ ಕೇಳುತ್ತೀರಿ. ಎಂಟುನೂರು ರೂಪಾಯಿ ಗೈಡ್ ತರುವ ಮೊದಲು ಆರರಿಂದ ಹತ್ತನೇ ಕ್ಲಾಸಿನ ಸರ್ಕಾರಿ ಸಮಾಜ, ವಿಜ್ಞಾನ ಪುಸ್ತಕ ತರಿಸಿ. ಸಂವಿಧಾನ, ಕರ್ನಾಟಕ ಇತಿಹಾಸ, ಭೂಗೋಳ, ವಿಜ್ಞಾನ, ಜೊತೆಗೆ ಮೆಂಟಲ್ ಎಬಿಲಿಟಿ. ದಿನಾ ಪೇಪರ್ ಓದಲಿ. ಹಳೇ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟುಕೊಂಡು ಬಿಡಿಸಲಿ, ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗುವುದಿಲ್ಲ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. 70 ಸರಿ ಮಾಡಿ ಉಳಿದ 30ನ್ನು ಸುಮ್ನೆ ಬಿಟ್ಟವನಿಗೆ 70. ಅದೇ 70 ಸರಿ ಮಾಡಿ, ಉಳಿದದ್ದಕ್ಕೆ ಕಣ್ಣು ಮುಚ್ಚಿ ಗುಂಡು ಹೊಡೆದು ಮೂವತ್ತೂ ತಪ್ಪಾದರೆ 62.5. ಕಟ್‌ಆಫ್ ಹತ್ತಿರ ಅರ್ಧ ಅಂಕಕ್ಕೆ ಸಾಲುಸಾಲು ಹುಡುಗರು ನಿಂತಿರುತ್ತಾರೆ ಅಣ್ಣ. ಇನ್ನೊಂದು, ಹಳೇ ಗೈಡ್ ಕೊಳ್ಳಬೇಡಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ. ನಮಗೆ ಕೊಲೆಗೆ 302, ಮೋಸಕ್ಕೆ 420 ಅಂತ ಬಾಯಿಗೆ ಬಂದ ನಂಬರೆಲ್ಲ ಈಗ 103, 318 ಆಗಿದೆ. ನನಗೇ ಇನ್ನೂ ತೊದಲುತ್ತದೆ.

ಈಗ ಕಾಗದ ಪತ್ರ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಇಲ್ಲೇ ಜಾಸ್ತಿ ಜನ ಬೀಳುವುದು. ನಮ್ಮ ಅಕ್ಕನ ಮಗ ಒಂದು ಸಲ ಬರವಣಿಗೆ ಪಾಸು, ಓಟ ಪಾಸು, ಮನೆಯಲ್ಲಿ ಹೋಳಿಗೆ ಊಟವೂ ಆಯಿತು. ದಾಖಲೆ ನೋಡುವ ದಿನ ಅವನ 2ಎ (ಹಿಂದುಳಿದ ವರ್ಗದ ಮೀಸಲಾತಿ) ಪ್ರಮಾಣಪತ್ರ ತೆಗೆದರೆ ಐದು ವರ್ಷದ ಅವಧಿ ಮುಗಿದಿತ್ತು. ಹೊಸದು ಮಾಡಿಸಿದ್ದ, ಆದರೆ ಅದರ ಮೇಲಿನ ತಾರೀಕು ಅರ್ಜಿಯ ಕೊನೇ ದಿನ ದಾಟಿ ಹನ್ನೊಂದು ದಿನ. ಮೇಜಿನ ಆಚೆ ಕೂತವರು ಎರಡನ್ನೂ ಪಕ್ಕಪಕ್ಕ ಇಟ್ಟು, ತಾರೀಕಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ವಾಪಸ್ ತಳ್ಳಿದರು, ಅಷ್ಟೇ. ಸಾಮಾನ್ಯ ವರ್ಗಕ್ಕೆ ಹಾಕಿದರು, ಅಲ್ಲಿ ಅವನ ಅಂಕ ಸಾಲಲಿಲ್ಲ. ತಪ್ಪು ನಮ್ಮದೇ. ಅದಕ್ಕೆ ಹೇಳುತ್ತೇನೆ, ಅಧಿಸೂಚನೆ ಬರುವ ಮೊದಲೇ ನಾಡಕಚೇರಿಗೆ ಹೋಗಿ ಜಾತಿ ಆದಾಯ ಪ್ರಮಾಣಪತ್ರ ಹೊಸದಾಗಿ ಮಾಡಿಸಿಡಿ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆ ಅಂದಿರಿ, ಕನ್ನಡ ಮಾಧ್ಯಮವೂ ಹೌದು ಅಂದಿರಿ. ಹಾಗಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಎರಡಕ್ಕೂ ಅವನು ಅರ್ಹ. ಎರಡಕ್ಕೂ ಹೆಡ್‌ಮಾಸ್ಟರ್ ಸಹಿ ಬೇಕು, ಗ್ರಾಮೀಣದ್ದಕ್ಕೆ ಅದರ ಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಶಾಲೆ ರಜೆಯಲ್ಲಿ ಅಧಿಸೂಚನೆ ಬಂದರೆ ಹೆಡ್‌ಮಾಸ್ಟರನ್ನು ಹುಡುಕಿಕೊಂಡು ಅವರ ಊರಿಗೇ ಹೋಗಬೇಕಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು ಒಂದೇ ಇದೆಯಾ ಅಂತ ಇವತ್ತೇ ನೋಡಿ.

ಮೈ ಅಳತೆ. ಗಂಡು ಹುಡುಗರಿಗೆ ಎತ್ತರ 168 ಸೆಂಟಿಮೀಟರ್, ಎದೆ ಉಬ್ಬಿಸಿದಾಗ 86, ಉಬ್ಬುವುದು ಕಡಿಮೆ ಅಂದರೂ 5. ನಿಮ್ಮವನು "167, 168 ಇರಬಹುದು" ಅಂದಿರಿ, ಆ "ಇರಬಹುದು" ನಡೆಯುವುದಿಲ್ಲ. ಅರ್ಧ ಸೆಂಟಿಮೀಟರಿಗೆ ಹೊರಗೆ ಕಳಿಸಿದ್ದನ್ನು ನೋಡಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆ ಮೇಲೆ ರಟ್ಟಿನ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್ ಗುರುತು ಹಾಕಿ, ಟೇಪು ಹಿಡಿಯಿರಿ. ಸಂಜೆ ಮತ್ತೆ ಅಳೆಯಿರಿ. ದಿನವೆಲ್ಲ ಓಡಾಡಿದರೆ ಬೆನ್ನುಮೂಳೆ ಕುಗ್ಗಿ ಒಂದು ಸೆಂಟಿಮೀಟರ್ ತನಕ ಕಮ್ಮಿ ಬರುತ್ತದೆ. ಸಂಜೆಯೂ 168 ಬಂದರೆ ನಿಶ್ಚಿಂತೆ. ಹಾಗೇ ಒಂದು ಸಲ ಕಣ್ಣಿನ ಡಾಕ್ಟರ ಹತ್ತಿರ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಕೆಲವರಿಗೆ ಕೆಂಪು ಹಸಿರು ವ್ಯತ್ಯಾಸ ಗೊತ್ತಾಗುವುದಿಲ್ಲ ಅನ್ನುವುದೇ ಇಪ್ಪತ್ತು ವರ್ಷ ಗೊತ್ತಿರುವುದಿಲ್ಲ.

ಓಟ 1600 ಮೀಟರ್, ಆರೂವರೆ ನಿಮಿಷ. ಎಂಟು ಕಿಲೋಮೀಟರ್ ನಿಧಾನ ಓಟ ಇದಕ್ಕೆ ಅಷ್ಟೇನೂ ಉಪಯೋಗ ಇಲ್ಲ, ಟಾರ್ ರೋಡಲ್ಲಿ ಮೊಣಕಾಲು ಮುಂಗಾಲು ನೋವು ಬೇರೆ, ಲಾರಿ ಓಡಾಡುವ ರಸ್ತೆಯಲ್ಲಿ ಕತ್ತಲಲ್ಲಿ ಓಡುವುದಂತೂ ಬೇಡವೇ ಬೇಡ. ಹೈಸ್ಕೂಲ್ ಮೈದಾನದಲ್ಲಿ 400 ಮೀಟರ್ ಗುರುತು ಹಾಕಿಕೊಂಡು ನಾಲ್ಕು ಸುತ್ತು, ಒಂದೊಂದು ಸುತ್ತಿಗೆ 97 ಸೆಕೆಂಡ್. ಡಿಎಆರ್ (ಜಿಲ್ಲಾ ಸಶಸ್ತ್ರ ಪೊಲೀಸ್) ಮೈದಾನದಲ್ಲಿ ಬಂದೋಬಸ್ತ್‌ಗೆ ನಿಂತು ನಾನು ನೋಡಿದ್ದು, ಮೊದಲ ಸುತ್ತು ಕುದುರೆ ಹಾಗೆ ಓಡಿದವರೇ ಮೂರನೇ ಸುತ್ತಲ್ಲಿ ಸೊಂಟ ಹಿಡಿದುಕೊಂಡು ನಿಲ್ಲುವುದು. ಅಭ್ಯಾಸದಲ್ಲಿ ಆರು ನಿಮಿಷಕ್ಕೆ ಬಂದರೆ ಪರೀಕ್ಷೆ ದಿನ ಬಿಸಿಲು, ಗಾಬರಿ ಎಲ್ಲ ಸೇರಿದರೂ ಪಾಸು. ಉದ್ದ ಜಿಗಿತ 3.80 ಮೀಟರ್, ಅದಾಗದಿದ್ದರೆ ಎತ್ತರ ಜಿಗಿತ 1.20. ಗುಂಡು ಎಸೆತ 7.26 ಕೆಜಿ, 5.60 ಮೀಟರ್. ಗುಂಡು ಸಿಗದಿದ್ದರೆ ಅಡಿಕೆ ತೂಗುವ ತಕ್ಕಡಿಯಲ್ಲಿ ಒಂದು ದುಂಡು ಕಲ್ಲು ತೂಗಿ ಶುರು ಮಾಡಲಿ. ಆದರೆ ಕೊನೇ ತಿಂಗಳು ಪಿಟಿ ಮೇಷ್ಟ್ರ ಹತ್ತಿರ ನಿಜವಾದ ಗುಂಡು ಕೇಳಿಕೊಳ್ಳಲಿ. ಕ್ರಿಕೆಟ್ ಬಾಲ್ ಎಸೆದ ಹಾಗೆ ಎಸೆದರೆ ಫೌಲ್, ಕುತ್ತಿಗೆಗೆ ತಾಗಿಸಿ ತಳ್ಳಬೇಕು.

ತಮ್ಮನ ಮಗಳ ವಿಷಯಕ್ಕೆ ಕೆಲವರು ಪರ್ಸನಲ್ ಆಗಿ ಕೇಳಿದ್ದೀರಿ. ಹೆಣ್ಣುಮಕ್ಕಳಿಗೆ ಎತ್ತರ 157, ತೂಕ 45 ಕೆಜಿ, 400 ಮೀಟರ್ ಎರಡು ನಿಮಿಷದಲ್ಲಿ, ಗುಂಡು 4 ಕೆಜಿ. ಓಟ ಕಷ್ಟವೇನಲ್ಲ. ಅವಳಿಗೆ ತೊಂದರೆ ಆಗಿರುವುದು ತೂಕ, 43ಕ್ಕೆ ನಿಂತಿದೆ.

ದುಡ್ಡಿನ ಮಾತು ಆಡಿದವರಿಗೆ. 2021ರ ಅಕ್ಟೋಬರ್‌ನಲ್ಲಿ 545 ಎಸ್‌ಐ ಹುದ್ದೆಗೆ ಪರೀಕ್ಷೆ ಆಯಿತು, ಉತ್ತರ ಗುರುತು ಹಾಕುವ ಓಎಂಆರ್ ಶೀಟ್ ತಿದ್ದಿದ್ದು ಹೊರಗೆ ಬಂತು, 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆ ರದ್ದು ಮಾಡಿತು. ದುಡ್ಡು ಕೊಟ್ಟ ಹುಡುಗರೂ ಜೈಲಿಗೆ ಹೋದರು. ಓದಿ ಪಾಸಾದ ಹುಡುಗರು ಮರುಪರೀಕ್ಷೆಗೆ 2024ರ ಜನವರಿ ತನಕ ಕಾದರು. ತೋಟ ಅಡ ಇಟ್ಟು ಮಗನ ಮೇಲೆ ಕೇಸು ಹಾಕಿಸಿಕೊಳ್ಳುವುದು ಯಾವ ಬುದ್ಧಿ?

ಕೇಸು ಅಂದಾಗ ನೆನಪಾಯಿತು. ಆಯ್ಕೆ ಆದಮೇಲೆ ಗುಣನಡತೆ ವಿಚಾರಣೆಗೆ ನಿಮ್ಮ ಠಾಣೆಗೇ ಫೈಲ್ ಬರುತ್ತದೆ. ಗಣಪತಿ ಮೆರವಣಿಗೆ ಗಲಾಟೆ, ವಾಟ್ಸಾಪಲ್ಲಿ ಏನೋ ಹಾಕಿದ್ದು, ಹೀಗೆ ಹುಡುಗಾಟದ ಕೇಸುಗಳೇ ಜಾಸ್ತಿ. ಒಂದು ವೇಳೆ ಇದ್ದರೆ ಮುಚ್ಚಿಡಬೇಡಿ. ಸುಪ್ರೀಂ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಅದೇ, ಫಾರಂನಲ್ಲಿ ಬರೆಯುವ ಮಾಹಿತಿ ನಿಜ ಇರಬೇಕು. ಸಣ್ಣ ಕೇಸಾದರೆ ಮೇಲಿನವರು ಪರಿಗಣಿಸಬಹುದು. ಮುಚ್ಚಿಟ್ಟಿದ್ದು ಗೊತ್ತಾದರೆ ಬಂದ ಕೆಲಸವೂ ಹೋಗಬಹುದು.

ಪಿಯುಸಿ ಆದಮೇಲೆ ಸಿವಿಲ್‌ಗೂ (ಠಾಣೆ ಪೊಲೀಸ್) ಹಾಕಲಿ, ಡಿಎಆರ್‌ಗೂ ಹಾಕಲಿ, ಕೆಎಸ್‌ಆರ್‌ಪಿಗೂ (ರಾಜ್ಯ ಮೀಸಲು ಪೊಲೀಸ್) ಹಾಕಲಿ. ಕೊನೆಯ ಎರಡಕ್ಕೆ ಎಸ್‌ಎಸ್‌ಎಲ್‌ಸಿ ಸಾಕು. ಜೊತೆಗೆ ಡಿಗ್ರಿಗೂ ಸೇರಿಸಿ, ಕಾಲೇಜಲ್ಲಿ ಎನ್‌ಸಿಸಿ ಇದ್ದರೆ ಹಾಕಿ, ಟ್ರೈನಿಂಗಿನ ಮೊದಲ ತಿಂಗಳು ಪರೇಡ್‌ನಲ್ಲಿ ಕಾಲು ತಪ್ಪುವುದಿಲ್ಲ. ಆಮೇಲೆ ಅವನನ್ನು ಒಂದು ಸಲ ಕೂರಿಸಿಕೊಂಡು ಕೇಳಿ, ಹಬ್ಬಕ್ಕೆ ಮನೆಯಲ್ಲಿ ಇರುವುದಿಲ್ಲ, ಆಗುತ್ತಾ ಅಂತ. ನಾನು ಸರ್ವೀಸ್‌ನಲ್ಲಿ ಇದ್ದಷ್ಟು ದಿನ ಗಣಪತಿ ಕಡುಬು ತಿಂದಿದ್ದೆಲ್ಲ ತಣ್ಣಗಿನದೇ, ಟಿಫಿನ್ ಡಬ್ಬಿಯಲ್ಲಿ, ಯಾವುದೋ ಪೆಂಡಾಲ್ ಪಕ್ಕ.

ನಾಳೆ ಬೆಳಿಗ್ಗೆ ಎತ್ತರ ಅಳೆದು ಇಲ್ಲೇ ಹಾಕಿ, ಸಂಜೆದೂ ಹಾಕಿ. 2ಎ ಪ್ರಮಾಣಪತ್ರ ಇದ್ದರೆ ಅದರ ತಾರೀಕಿನ ಫೋಟೋ ನನಗೆ ಪರ್ಸನಲ್ ಆಗಿ ಕಳಿಸಿ, ಗುಂಪಲ್ಲಿ ಬೇಡ.